ಕರೆಯದೆ ಹೋದ ಫ್ಲೋರಿಯನ್, ಕರೆಯದೆ ಓಡುವ ಹಾಸ್ಲೇನರ್

ಎನ್ಸ್ ನದಿಯ ದಂಡೆಯ ಊರುಗಳಲ್ಲಿ ಅಗ್ನಿಶಾಮಕ ದಳಗಳಿಗೇನೂ ಬರವಿಲ್ಲ; ಒಂದೊಂದು ಚರ್ಚಿಗೂ ಒಂದೊಂದು ದಳವಿದೆ. ಆದರೆ ಈ ಸ್ವಯಂಸೇವಕರ ಲೋಕದಲ್ಲಿ ಶ್ರೀ ಎಂಗಲ್ಬರ್ಟ್ ಹಾಸ್ಲೇನರ್ ಅವರಂಥ ದಳಪತಿಗಳು ಮತ್ತೊಬ್ಬರಿಲ್ಲವೆಂದು, ಅವರ ಕೈಕೆಳಗೆ ವರ್ಷಗಟ್ಟಲೆ ಪೈಪು ಹಿಡಿದ ನಾನು ಎದೆ ತಟ್ಟಿ ಹೇಳಬಲ್ಲೆ. ವೃತ್ತಿಯಿಂದ ಬಡಗಿಗಳು, ಪ್ರವೃತ್ತಿಯಿಂದ ಬೆಂಕಿಯಿಂದ ಕಾಯುವವನೆಂದು ನಮ್ಮ ದಳಗಳೆಲ್ಲ ನಂಬುವ ಸಂತ ಫ್ಲೋರಿಯನ್ನನ ಭಕ್ತರು. ಈ ಮೇ ತಿಂಗಳಲ್ಲಿ ಅರವತ್ತೈದು ತುಂಬಿ ಅವರು ನಿವೃತ್ತರಾಗುತ್ತಿರುವಾಗ ಈ ನಾಲ್ಕು ಮಾತು ಬರೆಯುವ ಭಾಗ್ಯ ನನ್ನದಾಯಿತಲ್ಲ ಎಂದು ಹಿಗ್ಗುತ್ತಿದ್ದೇನೆ.

ದಳಕ್ಕೆ ಹೊಸದಾಗಿ ಸೇರಿದವರಿಗೆ ಅವರು ಮೊದಲು ಹೇಳಿಕೊಡುವುದು ಪೈಪು ಜೋಡಿಸುವುದನ್ನಲ್ಲ, ಫ್ಲೋರಿಯನ್ನನ ಕಥೆಯನ್ನು. ರೋಮನ್ ಸೈನ್ಯದಲ್ಲಿ ದೊಡ್ಡ ಹುದ್ದೆ ಮುಗಿಸಿ ಹಾಯಾಗಿದ್ದವನು. ಕ್ರೈಸ್ತರೆಂಬ ಕಾರಣಕ್ಕೆ ನಲವತ್ತು ಮಂದಿಯನ್ನು ಸೆರೆಗೆ ಹಾಕಿದ್ದಾರೆಂದು ಕೇಳಿ ತಾನಾಗಿಯೇ ಅವರ ನೆರವಿಗೆ ಹೊರಟವನು. ದಾರಿಯಲ್ಲಿ ಎದುರಾದ ಹಳೆಯ ಸಂಗಡಿಗರಿಗೆ ತಾನೂ ಕ್ರೈಸ್ತನೆಂದು ಮುಚ್ಚುಮರೆಯಿಲ್ಲದೆ ಹೇಳಿ, ಕೊರಳಿಗೆ ಬೀಸುವ ಕಲ್ಲು ಕಟ್ಟಿಸಿಕೊಂಡು ಇದೇ ಎನ್ಸ್ ನದಿಯ ಪಾಲಾದವನು. ಕಥೆಯ ಕೊನೆಗೆ ಹಾಸ್ಲೇನರ್ ಅವರು ಬೆರಳೆತ್ತಿ, “ಅವನನ್ನ ಯಾರಾದ್ರೂ ಕರೆದಿದ್ರಾ? ಇಲ್ಲ. ಕರೀದೇ ಹೋದ. ಅಷ್ಟು ತಿಳ್ಕೊಳ್ಳಿ, ಮಿಕ್ಕಿದ್ದು ನೀರು ನೋಡ್ಕೊಳುತ್ತೆ” ಎನ್ನುವರು. ಹೆಂಗಸೊಬ್ಬಳು ದಳ ಸೇರುವುದೇ ಎಂದು ಹಿರಿಯರು ಗೊಣಗಿದಾಗ, “ಬೆಂಕಿ ಬಂದು ಗಂಡೋ ಹೆಣ್ಣೋ ಅಂತ ಕೇಳುತ್ತೇನ್ರೋ?” ಎಂದು ಗದರಿ ನನ್ನ ತಲೆಗೆ ಹೆಲ್ಮೆಟ್ ಇಟ್ಟವರೂ ಅವರೇ.

ಇಂಥವರಿಗೂ ಪಕ್ಕದ ಮನೆಯ ನೋಟ್ಬುರ್ಗಾ ಅಜ್ಜಿಗೂ ಬೇಲಿಯ ಮೇಲಿನ ಪೇರ್ ಹಣ್ಣಿನ ಮರವೊಂದರ ದೆಸೆಯಿಂದ ಎಣ್ಣೆ ಸೀಗೆಕಾಯಿ. ‘ಫ್ಲೋರಿಯನ್ನಪ್ಪ, ನಮ್ಮನೆ ಉಳಿಸು, ಬೇಕಾದರೆ ಪಕ್ಕದ ಮನೆ ಸುಡು’ ಎಂಬ ಕುಚೋದ್ಯದ ಪ್ರಾರ್ಥನೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಜ್ಜಿ ಮಾತ್ರ ಅದನ್ನು ಕಿಟಕಿ ತೆರೆದಿಟ್ಟು, ಹಾಸ್ಲೇನರ್ ಅವರಿಗೆ ಕೇಳಿಸುವಂತೆಯೇ ಹೇಳುತ್ತಿದ್ದರು.

ಕೆಲವು ವರ್ಷಗಳ ಹಿಂದಿನ ಫ್ಲೋರಿಯನ್ ಹಬ್ಬವನ್ನು ಮರೆಯುವುದುಂಟೇ! ಸಮವಸ್ತ್ರ ತೊಟ್ಟ ನಾಲ್ವರು ಸಂತನ ವಿಗ್ರಹವನ್ನು ಹೆಗಲ ಮೇಲೆ ಹೊತ್ತಿದ್ದರು. ಮುಂದಿನ ಹೆಗಲು ದಳಪತಿಗಳದು. ಅಷ್ಟರಲ್ಲಿ ಸೈರನ್ ಕೂಗಿತು. ಆ ಸದ್ದಿಗೆ ನಮ್ಮ ಕಾಲುಗಳು ತಲೆಯ ಅಪ್ಪಣೆಗೆ ಕಾಯುವುದಿಲ್ಲ. ವಿಗ್ರಹ ಇಳಿಸುವುದನ್ನೇ ಮರೆತು ನಾಲ್ವರೂ ಠಾಣೆಗೆ ಓಟ ಕಿತ್ತರು! “ಅಯ್ಯೋ, ಫ್ಲೋರಿಯನ್ನನ್ನ ಇಳಿಸ್ರಪ್ಪಾ!” ಎಂದು ಪಾದ್ರಿಗಳು ಧೂಪದ ಬಟ್ಟಲು ಹಿಡಿದು ಹಿಂದೆಯೇ ಓಡಿದರು. ಪುರುಸೊತ್ತೆಲ್ಲಿ? ಸಂತನೂ ನಮ್ಮ ವಾಹನವೇರಿದ.

ಉರಿಯುತ್ತಿದ್ದುದು ಹಾಸ್ಲೇನರ್ ಅವರದೇ ಮರಗೆಲಸದ ಕೊಟ್ಟಿಗೆ. ಗಾಳಿಗೆ ಕಿಡಿ ಹಾರಿ ಅಜ್ಜಿಯ ಮರದ ಸೂರಿಗೂ ಹತ್ತಿತ್ತು. ಮೊದಲೇ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ ಅಜ್ಜಿ ಮಹಡಿಯಲ್ಲಿದ್ದರು. ನೆರೆಯೂರಿನ ದಳ ಇನ್ನೂ ಬಂದಿರಲಿಲ್ಲ. ನಮ್ಮಲ್ಲಿದ್ದುದು ಒಂದೇ ಪಂಪು. ವಿಗ್ರಹವನ್ನು ಮನೆಗಳ ಹಿಂದಿನ ನದಿಯ ದಡದಲ್ಲಿ ನಿಲ್ಲಿಸಿ, ಪಕ್ಕದಲ್ಲೇ ಪಂಪಿನ ಕೊಳವೆಯನ್ನು ನೀರಿಗೆ ಇಳಿಬಿಟ್ಟೆವು.

“ರೀ, ನಮ್ಮದು ಹೋಗ್ತಾ ಇದೆ! ನಿಮ್ಮಪ್ಪನ ಕಾಲದ ಉಳಿಗಳೆಲ್ಲ ಒಳಗಿವೆ!” ಎಂದು ಅವರ ಪತ್ನಿ ರೋಸ್ವಿಟಾ ಕೂಗಿಕೊಂಡರು. ದಳಪತಿಗಳು ಒಮ್ಮೆ, ಒಮ್ಮೆ ಮಾತ್ರ, ಕೊಟ್ಟಿಗೆಯತ್ತ ನೋಡಿದರು. ನಾನು ಪೈಪು ಎತ್ತಿ ಹಿಡಿದು ಅವರ ಅಪ್ಪಣೆಗೆ ಕಾದೆ.

“ಅಜ್ಜಿ ಸೂರಿಗೆ ಹೊಡಿ, ಗರ್ಲಿಂಡೆ! ನಮ್ಮದು ಬರೀ ಮರ!” ಎಂದವರೇ ಹೊಗೆಯೊಳಗೆ ನುಗ್ಗಿದರು. ನಾನು ಪೈಪು ಆ ಕಡೆ ತಿರುಗಿಸಿದೆ. ಅವರ ಬೆನ್ನೇರಿ ಹೊರಬಂದ ಅಜ್ಜಿ ಕೆಮ್ಮುತ್ತಲೇ ಜಗಳ ತೆಗೆದಿದ್ದರು.

“ನಿನ್ನನ್ನ ಯಾರೋ ಕರೆದ್ರು?”

“ಯಾರೂ ಕರೀಲಿಲ್ಲ. ಸುಮ್ನೆ ಕತ್ತು ಹಿಡ್ಕೊಳಜ್ಜಿ!”

ಅಜ್ಜಿಯ ಮನೆ ಉಳಿಯಿತು, ಕೊಟ್ಟಿಗೆ ಬೂದಿಯಾಯಿತು. ಬೂದಿಯಲ್ಲಿ ಹಿಡಿಗಳಿಲ್ಲದ ಉಳಿಗಳನ್ನು ಹೆಕ್ಕುತ್ತಿದ್ದ ಆ ಗಟ್ಟಿ ಮನುಷ್ಯರ ಕಣ್ಣಲ್ಲಿ ನೀರು ಕಂಡು ನಾವೆಲ್ಲ ಮುಖ ತಿರುಗಿಸಿದೆವು. ಮುಂದಿನ ಶನಿವಾರ ಯಾರೂ ಹೇಳದಿದ್ದರೂ ಊರಿಗೆ ಊರೇ ಸುತ್ತಿಗೆ ಹಿಡಿದು ಬಂದಿತು. ಎಲ್ಲರಿಗಿಂತ ಕೊನೆಗೆ ಅಜ್ಜಿಯನ್ನು ಕುರ್ಚಿಯಲ್ಲಿ ಹೊತ್ತು ತಂದರು. ಮಡಿಲಲ್ಲಿ ಮರದ ತುಂಡುಗಳು. ಜಗಳದ ಆ ಪೇರ್ ಮರವನ್ನೇ ಕಡಿಸಿದ್ದರು!

“ಉಳಿಗೆ ಹಿಡಿ ಬೇಕಲ್ವೇನೋ? ತಗೋ. ನಾನೂ ಕರೀದೇ ಬಂದಿದ್ದೀನಿ.”

ಅಜ್ಜಿ ಈಗಿಲ್ಲ. ಆ ಹಿಡಿಗಳು ದಳಪತಿಗಳ ಕೈಯಲ್ಲಿ ಇಂದಿಗೂ ಕೆಲಸ ಮಾಡುತ್ತಿವೆ. ಮಾನ್ಯರೇ, ನೂರು ವರ್ಷ ಬಾಳಿ; ನಿಮ್ಮ ಉಳಿಗಳು ಮೊಂಡಾಗದಿರಲಿ, ರೋಸ್ವಿಟಾ ಅವರ ಸಾರು ಆರುವ ಮೊದಲೇ ನಿಮ್ಮ ಊಟವಾಗಲಿ. ನಿಯಮದಂತೆ ಇನ್ನು ಸೈರನ್ ನಿಮ್ಮನ್ನು ಕರೆಯುವುದಿಲ್ಲ. ನಮಗೆ ಧೈರ್ಯವಿರುವುದೇ ಅದರಿಂದ: ಕರೆಯದಿದ್ದರೆ ನೀವು ಬಂದೇ ಬರುತ್ತೀರಿ.