ಬರ್ತೀನಿ ಅಂದವರ ಗಂಟು

ನಿರ್ಗತಿಕರ ಆಶ್ರಯದಲ್ಲಿ ಸಾಮಾನು ಕೋಣೆ ನೋಡಿಕೊಳ್ಳುತ್ತಿದ್ದ ಗಂಟಣ್ಣ ಯಾರ ಗಂಟನ್ನೂ ಬಿಚ್ಚಿ ನೋಡಿದವನಲ್ಲ. ಒಮ್ಮೆ ಎತ್ತಿದರೆ ಸಾಕು, ಒಳಗಿರುವುದು ಬಟ್ಟೆಯೋ ಪಾತ್ರೆಯೋ ಹೇಳಿಬಿಡುತ್ತಿದ್ದ. ವ್ಯಾಪಾರಕ್ಕೆ ಇಳಿದಿದ್ದರೆ ತಕ್ಕಡಿ ಮಾರುವವರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದ.

ಆಶ್ರಯಕ್ಕೆ ಎಪ್ಪತ್ತೆರಡು ವರ್ಷ. ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು ಅರ್ಧ ಗೋದಾಮು ಬಿಟ್ಟುಕೊಟ್ಟು, ಒಂದು ಅಡುಗೆ ಹಂಡೆ ಇಟ್ಟು ಶುರು ಮಾಡಿದ್ದು. ಸೋರುವ ಅರ್ಧವನ್ನೇ ನೋಡಿ ಕೊಟ್ಟರು ಎಂದು ಆಡಿಕೊಂಡವರಿದ್ದರು. ಏನೂ ಕೊಡದವರ ಮಾತು ಅದು. ಆಮೇಲೆ ಮೂವತ್ತು ಮಂಚ ಬಂದವು, ದವಾಖಾನೆ ಬಂತು, ಹೆಂಗಸರಿಗೆ ಬೇರೆ ಮಹಡಿ ಎದ್ದಿತು. ಸಾಮಾನು ಕೋಣೆಗೆ ಸಾಹುಕಾರರು ಹಾಕಿದ ನಿಯಮ ಒಂದೇ: ಬಿಟ್ಟುಹೋದದ್ದನ್ನು ವರ್ಷದ ಮೇಲೆ ಹಂಚಿಬಿಡಿ, ಆದರೆ ‘ಬರ್ತೀನಿ’ ಅಂದು ಹೋದವರದ್ದನ್ನು ಮುಟ್ಟಬೇಡಿ. ಹೊರಡುವಾಗ ‘ಹೋಗ್ತೀನಿ’ ಅನ್ನುವವರು ನಮ್ಮಲ್ಲಿ ಯಾರಿದ್ದಾರೆ? ಸಾಯಲು ಹೊರಟವನೂ ಬರ್ತೀನಿ ಅಂತಲೇ ಅನ್ನುವುದು. ಕೋಣೆ ಸೂರಿನವರೆಗೆ ತುಂಬಿತು.

ಕೆಳಗಿನ ಹಲಗೆಯ ಮೂಲೆಯಲ್ಲಿದ್ದ ತಗಡಿನ ಟ್ರಂಕು ಗಂಟಣ್ಣನ ಅಮ್ಮನದು. ಆರು ವರ್ಷದವನನ್ನು ಅದರ ಮೇಲೆ ಕೂರಿಸಿ, “ಇದನ್ನ ನೋಡ್ಕೊಂಡಿರು, ಬರ್ತೀನಿ” ಅಂದು ಹೋದಳು. ಬೀಗದ ಕೈ ಅವಳ ಜೊತೆಗೇ ಹೋಯಿತು. ಅವನು ನೋಡಿಕೊಂಡ, ನಲವತ್ತೊಂಬತ್ತು ವರ್ಷ. ಮದುವೆಯ ಮಾತು ಬಂದಾಗಲೂ, ಬೇರೆ ಊರಲ್ಲಿ ಕೆಲಸ ಸಿಕ್ಕಾಗಲೂ ಕೋಣೆ ಬಿಟ್ಟು ಬರಲಾರೆ ಅಂದ. ಎಂಥ ನಿಷ್ಠೆ ಎಂದು ಕಮಿಟಿಯವರು ಹೊಗಳಿದರು.

ಈಗ ಹಳೆಯ ಕಟ್ಟಡ ಕೆಡವುವುದೆಂದಾಯಿತು. ಹೊಸ ಮ್ಯಾನೇಜರ್ ಮೇಡಂ ಕೆಟ್ಟವರೇನಲ್ಲ. ಸೋಮವಾರ ಎಲ್ಲವನ್ನೂ ಎಲ್ಲರೆದುರು ಬಿಚ್ಚಿ, ಉಪಯೋಗಕ್ಕೆ ಬರುವುದನ್ನು ಹಂಚೋಣ ಎಂದರು. ಗಂಟಣ್ಣ ನಿಯಮದ ಮಾತೆತ್ತಿದ.

“ಬರ್ತೀನಿ ಅನ್ನೋದು ಬಾಯಿ ವಾಡಿಕೆ, ಗಂಟಣ್ಣ. ಮಾತು ಕೊಟ್ಟಂಗಲ್ಲ” ಎಂದರು ಮೇಡಂ.

ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಹದಿನೆಂಟರ ವಯಸ್ಸಿನಲ್ಲಿ, ಗೋಡೆಗೆ ಸುಣ್ಣ ಬಳಿಯಲೆಂದು ಆ ಟ್ರಂಕನ್ನು ಮೊದಲ ಸಲ ಎತ್ತಿದ್ದ. ಬಟ್ಟೆ ಅಷ್ಟು ತೂಗುವುದಿಲ್ಲ, ಪಾತ್ರೆಯಾದರೆ ಝಣಗುಟ್ಟಬೇಕು. ಒಳಗೆ ಜರುಗಿದ್ದು ಇಟ್ಟಿಗೆ. ನಾಲ್ಕು. ಮಗ ನಂಬಲಿ ಎಂದು ತುಂಬಿದ ಭಾರ. ಇದ್ದಲ್ಲೇ ಇಟ್ಟು ಸುತ್ತಲೂ ಬಳಿದ. ಅದರ ಹಿಂದಿನ ಗೋಡೆ ಇಂದಿಗೂ ಕಪ್ಪು.

ತನಗೊಬ್ಬನಿಗೇ ಗೊತ್ತಿದ್ದರೆ ಅದು ಬೇರೆ ಮಾತು. ನಾಲ್ಕು ಜನರೆದುರು ಆ ಇಟ್ಟಿಗೆ ಹೊರಬಿದ್ದರೆ ಅಮ್ಮ ಎಲ್ಲರ ಬಾಯಿಗೆ ಬೀಳುತ್ತಾಳೆ.

ಭಾನುವಾರ ಮಧ್ಯಾಹ್ನ ಸಾಮಾನಿನ ಪುಸ್ತಕದಲ್ಲಿ ಆ ಟ್ರಂಕಿನ ಮುಂದೆ ‘ವಾರಸುದಾರರು ಬಂದು ಒಯ್ದರು’ ಎಂದು ಬರೆದ. ಸುಳ್ಳು ಬರೆದೆ ಅಂದುಕೊಂಡ. ಯೋಚಿಸಿದರೆ ಸುಳ್ಳೂ ಅಲ್ಲ.

ಹೆಗಲಿಗೇರಿಸಿಕೊಂಡು ಅಂಗಳಕ್ಕೆ ಬಂದಾಗ ಹಂಡೆ ಉಜ್ಜುತ್ತಿದ್ದ ಅಡುಗೆಯಕ್ಕ ತಲೆಯೆತ್ತಿದಳು.

“ಏನಯ್ಯ, ಯಾರ ಆಸ್ತಿ ಹೊಡ್ಕೊಂಡು ಹೊರಟೆ?”

“ನಮ್ಮಮ್ಮಂದು. ಬಟ್ಟೆ.”

“ಹೊಸ ಕಟ್ಟಡದಲ್ಲಿ ನಿಂಗೊಂದು ಮಂಚ ಇಟ್ಟಿದಾರಲ್ಲೋ?”

“ಅಲ್ಲಿ ಸಾಮಾನು ಕೋಣೆ ಇಲ್ಲ ಅಕ್ಕ. ಹೋಗ್ತೀನಿ.”

“ಬಿಡ್ತು ಅನ್ನು. ಬರ್ತೀನಿ ಅನ್ನಬಾರದೇನೋ?”

ಅವನು ಭಾರವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ. ಒಳಗೆ ಇಟ್ಟಿಗೆ ಜರುಗಿದ್ದು ಅಕ್ಕನಿಗೂ ಕೇಳಿಸಿತು.

“ಹೋಗ್ತೀನಿ ಅಕ್ಕ” ಎಂದು ಗೇಟು ದಾಟಿದ.