ಬಲಗೈ ಕಿಟಕಿಯ ಕಡೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಅದು ಒಮ್ಮೆ ಕೈಗೆ ಇಳಿದು ನನ್ನನ್ನು ಬೈಲಹೊಂಗಲದ ಕೋರ್ಟಿಗೆ ಕರೆದೊಯ್ದಿತು.

ದೊಡವಾಡದಿಂದ ಬೈಲಹೊಂಗಲಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸೀಟು ಬೇಕಾದರೆ ಬಾಗಿಲು ನಂಬಿ ಕೂರಬಾರದು. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಕರವಸ್ತ್ರವನ್ನೋ ಚೀಲವನ್ನೋ ಒಗೆಯಬೇಕು. ಬಿದ್ದ ಸೀಟು ಒಗೆದವರದು. ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆಯಾದ ಮೇಲಂತೂ ನಮ್ಮೆಲ್ಲರ ಗುರಿ ಬಹಳ ಸುಧಾರಿಸಿದೆ. ನಾನಾಗ ಬೈಲಹೊಂಗಲದ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಆ ದಿನ ನಾನು ಕರವಸ್ತ್ರ ಒಗೆದ ಸೀಟಿಗೆ ನಮ್ಮೂರಿನ ಟೇಲರ್ ಅಕ್ಕನೂ ಬಂದು ನಿಂತಳು. ನನ್ನ ಜಂಪರುಗಳನ್ನೆಲ್ಲ ಹೊಲಿದವಳು ಅವಳೇ.

"ನನ್ನ ಚೀಲ ಮೊದಲ ಬಿದ್ದಿತ್ತು," ಎಂದಳು.

"ನೆಲದ ಮ್ಯಾಲ ಬಿದ್ದದ್ದಕ್ಕ ಸೀಟ್ ಇಲ್ಲ," ಎಂದೆ.

"ಸಾಲಿ ಕಲಸಾಕಿ, ಸುಳ್ಳ ಹೇಳ್ತಿ?"

ನನ್ನ ಬಲಗೈ ಹೋಗಿಯೇ ಬಿಟ್ಟಿತು. ಅವಳ ಎಡಗೆನ್ನೆಗೆ, ತುಂಬಿದ ಬಸ್ಸಿನಲ್ಲಿ.

ಅವಳು ಸೀದಾ ಠಾಣೆಗೆ ಹೋದಳು. ಸಣ್ಣ ಹೊಡೆತಕ್ಕೆ ಕೋರ್ಟಿನ ಪರವಾನಗಿ ಇಲ್ಲದೆ ಕೇಸು ಮಾಡಲು ಬರುವುದಿಲ್ಲ ಎಂದರು ಪೊಲೀಸರು. ಅವಳು ಬಿಡಲಿಲ್ಲ, ಪರವಾನಗಿ ಬಂತು, ಕೇಸೂ ಆಯಿತು. ನನಗೆ ಠಾಣೆಯಲ್ಲೇ ಜಾಮೀನು ಸಿಕ್ಕಿತು. ಅಷ್ಟರಲ್ಲಿ ಸರ್ಕಾರಿ ಶಿಕ್ಷಕರ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬಂತು. ನೇಮಕಕ್ಕೆ ಮೊದಲು ಪೊಲೀಸ್ ಪರಿಶೀಲನೆ ಎಂದಿತ್ತು. ಎಂಟು ವರ್ಷ ಕಾದ ಕೆಲಸ ಅದು.

ನನ್ನ ಯೋಜನೆ ಸರಳವಾಗಿತ್ತು. ನ್ಯಾಯಾಧೀಶರ ಮುಂದೆ ತಪ್ಪಾಯಿತು ಎನ್ನುವುದು, ದಂಡ ಕಟ್ಟುವುದು, ಮೂರನೇ ಪಿರಿಯಡ್ಡಿಗೆ ಶಾಲೆ ಸೇರುವುದು. ನನ್ನ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಕ್ಕೋರ, ದಂಡ ಕಟ್ಟಿದ್ರ ಮುಗೀತು ಅಂತ ತಿಳದೀರೇನು? ದಂಡ ಎಷ್ಟ ಸಣ್ಣದಿರ್ಲಿ, ತಪ್ಪ ಒಪ್ಪಿ ಕಟ್ಟಿದ್ರ ಶಿಕ್ಷಾ ಆದಂಗ. ಅದು ಕಾಗದದಾಗ ಉಳೀತದ."

"ಮತ್ತ ಏನ್ ಮಾಡ್ಲಿರಿ?"

"ರಾಜಿ ಆಗ್ರಿ. ಇಂಥಾ ಕೇಸಿನ್ಯಾಗ ರಾಜಿ ಆದ್ರ ಖುಲಾಸೆ ಆದಂಗ. ಆದ್ರ ಅದು ಪೆಟ್ಟ ತಿಂದಾಕಿ ಕೈಯಾಗ ಐತಿ. ಮತ್ತ ನೌಕರಿ ಫಾರ್ಮಿನ್ಯಾಗ ಕೇಸ್ ಇತ್ತಂತ ಬರೀರಿ. ಮುಚ್ಚಿಟ್ರ ಅದಕ್ಕ ಕೆಲಸ ಹೋಗ್ತದ."

ಟೇಲರ್ ಅಕ್ಕನ ಮನೆಗೆ ಹೋದೆ. ಅವಳು ಮಷೀನು ನಿಲ್ಲಿಸಲಿಲ್ಲ.

"ರಾಜಿ ಆಗ್ತೇನಿ ತಂಗಿ. ಅದ ಬಸ್ಸಿನ್ಯಾಗ, ಅದ ಮಂದಿ ಮುಂದ, ಯಾರದು ಮೊದಲ ಬಿದ್ದಿತ್ತು ಹೇಳು. ಖರೇ ಹೇಳಿದ್ರ ಸಾಕು."

ವಕೀಲರಿಗೂ ಹೇಳದ ಮಾತನ್ನು ಈಗ ಹೇಳುತ್ತೇನೆ. ನನ್ನ ಕರವಸ್ತ್ರ ಬಿದ್ದದ್ದು ಅವಳ ಚೀಲದ ಮೇಲೆ. ಅವಳಿಗಿಂತ ಮೊದಲು ಬಸ್ಸು ಹತ್ತಿದ ನಾನು ಚೀಲವನ್ನು ಮೊಣಕಾಲಿನಿಂದ ಕೆಳಗೆ ದೂಡಿ ಕೂತಿದ್ದೆ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಳ್ಳಲು ತಯಾರಾಗಿದ್ದವಳಿಗೆ ಬಸ್ಸಿನಲ್ಲಿ ಒಪ್ಪಿಕೊಳ್ಳಲು ಜೀವ ಹೋದಷ್ಟು ನಾಚಿಕೆ.

ಕೋರ್ಟಿನ ತಾರೀಕಿನ ದಿನ ಬೆಳಿಗ್ಗೆ, ಅದೇ ಬಸ್ಸಿನಲ್ಲಿ, ಅಕ್ಕನ ಎದುರೇ ಕಂಡಕ್ಟರ್ ಪಕ್ಕ ನಿಂತು, ಕಂಬಿ ಹಿಡಿದುಕೊಂಡು ಹೇಳಿದೆ. "ಈ ಅಕ್ಕನ ಚೀಲ ಮೊದಲ ಬಿದ್ದಿತ್ರಿ. ನಾನ ಕೆಳಗ ದೂಡಿದ್ದೆ. ಸುಳ್ಳೂ ಹೇಳಿದೆ, ಹೊಡದೂ ಹೊಡದೆ."

ಹಿಂದಿನ ಸೀಟಿನಿಂದ ಹಾಲಿನ ಕ್ಯಾನು ಇಟ್ಟುಕೊಂಡಿದ್ದ ಅಜ್ಜ ಎಂದ: "ಗೊತ್ತೈತಿ ತಗೊಳವಾ. ಎಲ್ಲಾರೂ ನೋಡೇವಿ."

ಬಸ್ಸು ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ; ಕಣ್ಣಲ್ಲಿ ನೀರೂ ಬಂತು. ಇಷ್ಟು ದಿನ ನನ್ನ ಸುಳ್ಳನ್ನು ಕಾಪಾಡಿಕೊಂಡು ಬಂದವಳು ನಾನೊಬ್ಬಳೇ.

ಕೋರ್ಟಿನಲ್ಲಿ, ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ನ್ಯಾಯಾಧೀಶರು ಅವಳನ್ನು ಕೇಳಿದರು. "ಇಲ್ರಿ, ನನ್ನ ಖುಷಿಲೇ," ಎಂದಳು. ಐದು ನಿಮಿಷದಲ್ಲಿ ಮುಗಿಯಿತು. ಫಾರ್ಮಿನಲ್ಲಿ ಎಲ್ಲವನ್ನೂ ಬರೆದೆ. ಮುಂದೆ ಕಟಕೋಳದ ಕಡೆಯ ಶಾಲೆಗೆ ನೇಮಕವೂ ಆಯಿತು.

ರಾಜಿಯಾದ ಆ ಮಧ್ಯಾಹ್ನ ಊರಿಗೆ ಮರಳುವ ಬಸ್ಸಿಗೂ ಅಷ್ಟೇ ಗದ್ದಲ. ಅಕ್ಕ ತನ್ನ ಚೀಲ ಒಗೆದು ಡ್ರೈವರ್ ಇರುವ ಬಲಬದಿಯಲ್ಲಿ ಇಬ್ಬರ ಸೀಟು ಹಿಡಿದಳು. ನಾನು ಅವಳ ಪಕ್ಕ ಕೂರಲು ಹೋದರೆ ತಡೆದು, ಕಿಟಕಿಯತ್ತ ಬೆರಳು ತೋರಿಸಿದಳು.

"ನೀ ಆ ಕಡೆ ಕುಂದರು. ನಿನ್ನ ಬಲಗೈ ಕಿಡಕಿ ಕಡೆನ ಇರ್ಲಿ."

ಕೂತೆ. ದೊಡವಾಡ ಬರುವ ತನಕ ಕೈಯನ್ನು ಕಿಟಕಿಯ ಸರಳಿನಿಂದ ತೆಗೆಯಲಿಲ್ಲ.