ಕುಮುದಕ್ಕನ ಒಂದು ಮುಚ್ಚಳ

ಸಾಗರದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಯಾವ ಮಗು ಬಾಯಿಗೆ ಕೈ ಅಡ್ಡ ಹಿಡಿದರೂ ಮೊದಲು ಎದ್ದು ಬರುವವರು ಕುಮುದಕ್ಕ. ಹೊಸನಗರ ದಾಟಿ ತಿರುವುಗಳು ಶುರುವಾದವೆಂದರೆ ಅವರ ಬ್ಯಾಗಿನ ಜಿಪ್ಪು ಮುಚ್ಚುವುದೇ ಇಲ್ಲ. ಅದರೊಳಗೆ ನಿಂಬೆಹಣ್ಣು, ಪ್ಲಾಸ್ಟಿಕ್ ಚೀಲ, ಹಳೆ ಟವೆಲು, ಜೊತೆಗೆ ವಾಂತಿ ನಿಲ್ಲಿಸುವ ಸಿರಪ್ಪಿನ ಬಾಟ್ಲಿ. ಮಗುವಿನ ವಯಸ್ಸು, ತೂಕ ಒಂದನ್ನೂ ಕೇಳುವುದಿಲ್ಲ. ಬಾಯಿ ತೆರೆಸಿ ನೋಡುತ್ತಾರೆ. "ಹಲ್ಲು ಬಂದಿದ್ರೆ ಒಂದು ಮುಚ್ಚಳ, ಬರದಿದ್ರೆ ಅರ್ಧ, ಅಷ್ಟೇ ಕಣಮ್ಮಾ." ಕುಡಿಸಿದ್ದು ವಾಂತಿಯಾದರೆ ಇನ್ನೊಂದು ಮುಚ್ಚಳ: "ಹೊರಗೆ ಬಂದಿದ್ದು ಲೆಕ್ಕಕ್ಕಿಲ್ಲ." ತಾಯಂದಿರು ಕೈಮುಗಿಯುತ್ತಾರೆ, ಕಂಡಕ್ಟರು "ಡಾಕ್ಟ್ರಮ್ಮ" ಎಂದು ಸೀಟು ಬಿಡಿಸಿಕೊಡುತ್ತಾನೆ. ಯಾರದೋ ಮಗುವಿನ ಬಾಯನ್ನು ತಮ್ಮ ಸೆರಗಿನಲ್ಲೇ ಒರೆಸಿ, ತೊಡೆಯ ಮೇಲೆ ಮಲಗಿಸಿಕೊಂಡು, ತಮ್ಮ ಸ್ಟಾಪು ದಾಟಿದರೂ ಇಳಿಯದಷ್ಟು ಪ್ರೀತಿ ಅವರದು. ಮೊನ್ನೆ ನನ್ನ ಪಕ್ಕದ ಸೀಟಿನ ಒಂದು ಹಸುಳೆಗೆ ಅರ್ಧ ಮುಚ್ಚಳ ಸುರಿದುಕೊಂಡಾಗ ತಡೆಯಲಾರದೆ ಕೇಳಿದೆ: "ಅಕ್ಕಾ, ಡಾಕ್ಟ್ರನ್ನ ಕೇಳದೆ ಕೊಡಬಹುದಾ? ನಿಮ್ಮ ಮೊಮ್ಮಗಳಿಗೂ ಹೀಗೇ ಕೊಡ್ತೀರಾ?" ಕುಮುದಕ್ಕ ಹೌಹಾರಿದರು. "ಅಯ್ಯೋ, ಅವಳಿಗೆ ಮಾತ್ರ ಇಲ್ಲಪ್ಪ! ವಾಂತಿ ನಿಲ್ಲಲಿಲ್ಲ ಅಂತ ಇದನ್ನೇ ಮತ್ತೆ ಮತ್ತೆ ಕುಡಿಸಿದ್ದಕ್ಕೆ ಕತ್ತು ಸೊಟ್ಟಗಾಗಿ, ಕಣ್ಣುಗುಡ್ಡೆ ಮೇಲೆ ಹೋಗಿ, ಆಸ್ಪತ್ರೆಗೆ ಎತ್ಕೊಂಡು ಓಡಿದ್ವಿ. ಇನ್ನು ಇದನ್ನ ಮುಟ್ಟಿಸಲೇಬೇಡಿ ಅಂದ್ರು ಡಾಕ್ಟ್ರು." ಆಮೇಲೆ ಬಾಟ್ಲಿಯನ್ನು ಬೆಳಕಿಗೆ ಹಿಡಿದು, "ಅದಕ್ಕೇ ಇಷ್ಟು ಉಳಿದಿದ್ದು. ಎಸೆಯೋಕೆ ಮನಸ್ಸು ಬರುತ್ತಾ?" ಎನ್ನುತ್ತಾ ಹಸುಳೆಯ ಕಡೆ ಬಾಗಿದರು. ಅದರ ಬಾಯಿಗೆ ನಾನೇ ಕೈ ಅಡ್ಡ ಹಿಡಿದೆ.